ಗಿಡ ನೆಡುವ ಮೊದಲು ಸೂರ್ಯನ ದಾರಿ ನೋಡೋಣ

ಜೂನ್ ಬಂತೆಂದರೆ ಗಿಡ ನೆಡುವ ಫೋಟೊಗಳ ಸುಗ್ಗಿ. ಜೂನ್ 5ಕ್ಕೆ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಶಿ 1950ರಲ್ಲಿ ಆರಂಭಿಸಿದ ಈ ಹಬ್ಬ ಇಂದಿಗೂ ನಿಂತಿಲ್ಲ ಎಂಬುದು ಸಂತೋಷವೇ. ಆದರೆ ಮರುದಿನದ ವರದಿಯಲ್ಲಿ ಎಷ್ಟು ಗಿಡ ನೆಟ್ಟರು ಎಂಬ ಸಂಖ್ಯೆ ಮಾತ್ರ ಇರುತ್ತದೆ. ಯಾವ ಗಿಡ, ಕಟ್ಟಡದ ಯಾವ ದಿಕ್ಕಿಗೆ, ಗೋಡೆಯಿಂದ ಎಷ್ಟು ದೂರಕ್ಕೆ ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಊರುಗಳಲ್ಲಿ ಈ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಮನೆಯೊಳಗಿನ ಬೇಸಿಗೆಯೇ ಬೇರೆಯಾಗುತ್ತದೆ.

ನಾನು ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವನು. ಬಿಸಿಲಿನಿಂದ ಕಟ್ಟಡ ಕಾಪಾಡುವ ಪಾಠದಲ್ಲಿ ನಮಗೆ ಛಜ್ಜಾ ಬರುತ್ತದೆ, ಟೊಳ್ಳು ಇಟ್ಟಿಗೆ ಬರುತ್ತದೆ, ಬಣ್ಣದ ಗಾಜು ಬರುತ್ತದೆ. ಮರ ಬರುವುದು ‘ಲ್ಯಾಂಡ್‌ಸ್ಕೇಪ್’ ಎಂಬ ಅಂದಚೆಂದದ ಅಧ್ಯಾಯದಲ್ಲಿ, ಅದೂ ಪರೀಕ್ಷೆಗೆ ಬಾರದ ಜಾಗದಲ್ಲಿ. ಗ್ರಂಥಾಲಯದ ವಿದೇಶಿ ಪುಸ್ತಕ ತೆರೆದರೆ ಮರದ ಬಗ್ಗೆ ಒಂದು ಸಲಹೆ ಸಿಗುತ್ತದೆ: ಎಲೆ ಉದುರುವ ಮರವನ್ನು ಮನೆಯ ದಕ್ಷಿಣಕ್ಕೆ ನೆಡಿ, ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು. ಒಳ್ಳೆಯ ಸಲಹೆಯೇ, ಆದರೆ ನಮ್ಮದಲ್ಲ.

ಯಾಕೆ ನಮ್ಮದಲ್ಲ ಎಂಬುದಕ್ಕೆ ಆಕಾಶ ನೋಡಿದರೆ ಸಾಕು. ಆ ಪುಸ್ತಕಗಳು ಬರೆದದ್ದು 40 ಡಿಗ್ರಿ ಅಕ್ಷಾಂಶದ ಆಚೀಚೆಯ ಊರುಗಳಿಗೆ. ಅಲ್ಲಿ ವರ್ಷವಿಡೀ ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರದಲ್ಲಿ. ಮೇ 9ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಲ್ಲುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಇದೇ ಶೂನ್ಯ ನೆರಳಿನ ದಿನ ಏಪ್ರಿಲ್ ಕೊನೆಯ ವಾರ ಬರುತ್ತದೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಕಲಬುರಗಿಯ ಮಧ್ಯಾಹ್ನದ ಸೂರ್ಯ ಕೊಂಚ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ಸುಡುವ ಮೇ ತಿಂಗಳಲ್ಲಿ ನಮ್ಮ ದಕ್ಷಿಣದ ಗೋಡೆಗೆ ಬಿಸಿಲು ಬಹುತೇಕ ಇಲ್ಲ. ಬಿಸಿಲೆಲ್ಲ ಬೀಳುವುದು ಮಾಳಿಗೆಯ ಮೇಲೆ, ಬೆಳಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ. ಪೂರ್ವದ ಬಿಸಿಲು ಬರುವ ಹೊತ್ತಿಗೆ ಗಾಳಿ ಇನ್ನೂ ತಣ್ಣಗಿರುತ್ತದೆ. ಪಶ್ಚಿಮದ್ದು ಹಾಗಲ್ಲ. ಇಡೀ ದಿನ ಕಾದ ಗಾಳಿಯ ಜೊತೆ ಸೇರಿ ಬರುತ್ತದೆ. ಹಾಗಾಗಿ ನಮ್ಮ ಜಗಳ ಇರುವುದು ಇಬ್ಬರ ಜೊತೆ: ಮಾಳಿಗೆ ಮತ್ತು ಪಶ್ಚಿಮದ ಗೋಡೆ.

ಪಶ್ಚಿಮದ ಕಿಟಕಿಗೆ ಛಜ್ಜಾ ಇದೆಯಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. ಮೇ ಎರಡನೇ ವಾರ ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 33 ಡಿಗ್ರಿ ಮೇಲಿರುತ್ತಾನೆ, ಐದಕ್ಕೆ 19 ಡಿಗ್ರಿ. ಎರಡು ಅಡಿ ಮುಂದೆ ಚಾಚಿದ ಛಜ್ಜಾ ನಾಲ್ಕು ಗಂಟೆಗೆ ಕೊಡುವ ನೆರಳು ಒಂದೂಕಾಲು ಅಡಿ ಚಿಲ್ಲರೆ. ನಾಲ್ಕು ಅಡಿ ಕಿಟಕಿಯ ಉಳಿದ ಭಾಗದಿಂದ ಬಿಸಿಲು ನೇರ ಹಾಸಿಗೆಯ ಮೇಲೆ. ಐದು ಗಂಟೆಗಂತೂ ಛಜ್ಜಾ ಇದ್ದೂ ಇಲ್ಲದ ಹಾಗೆ. ಕೆಳಗಿನಿಂದ ಬರುವ ಬಿಸಿಲಿಗೆ ಅಡ್ಡ ಹಲಗೆ ಪ್ರಯೋಜನವಿಲ್ಲ, ನೆಟ್ಟಗೆ ನಿಂತ ಪರದೆ ಬೇಕು. ಮರ ಎಂದರೆ ನೆಟ್ಟಗೆ ನಿಂತ ಪರದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಮರದ ಎತ್ತರವೂ ಸಿಗುತ್ತದೆ. ಗೋಡೆಯಿಂದ ನಾಲ್ಕು ಮೀಟರ್ ದೂರದ ಮರ ನೆಲಮಹಡಿಯ ಕಿಟಕಿಗೆ ನಾಲ್ಕರಿಂದ ಐದು ಗಂಟೆಯವರೆಗೆ ನೆರಳು ಕೊಡಬೇಕಾದರೆ ಅದರ ತೋಪು ಸುಮಾರು ಮೂರು ಮೀಟರಿನಿಂದ ಐದು ಮೀಟರ್ ಎತ್ತರದ ನಡುವೆ ಹರಡಿರಬೇಕು. ಅಂದರೆ ಹದಿನಾರು ಹದಿನೇಳು ಅಡಿಯ ಮರ ಸಾಕು. ಆಲದ ಮರ ಬೇಡ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮನೆ ಕಟ್ಟುವವರ ಮುಂದೆ ಮರದ ಮಾತೆತ್ತಿದರೆ ಅವರ ಕಣ್ಣ ಮುಂದೆ ಬರುವುದು ದೊಡ್ಡ ಮರ, ಅದರ ಬೇರು, ಬಿರುಕು ಬಿಟ್ಟ ಗೋಡೆ. “ಗಿಡದ ಬೇರು ಪಾಯಾ ತಿಂತಾವ್ರೀ, ಬ್ಯಾಡ ತಗೀರಿ” ಎಂದು ನಮ್ಮ ಕಡೆಯ ಗೌಂಡಿಗಳು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ನಮ್ಮಲ್ಲಿ ದೊಡ್ಡ ಮರಕ್ಕೂ ಗಿಡ ಎಂದೇ ಹೆಸರು.

ಗೌಂಡಿಯ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಈ ಭಾಗದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ದೊಡ್ಡ ಮರ ಪಾಯದ ಪಕ್ಕದ ಮಣ್ಣಿನಿಂದ ನೀರು ಎಳೆದರೆ ಆ ಮೂಲೆಯ ಮಣ್ಣು ಮಾತ್ರ ಹೆಚ್ಚು ಕುಗ್ಗುತ್ತದೆ, ಪಾಯ ಅಲ್ಲಿ ಕೂರುತ್ತದೆ, ಗೋಡೆ ಸೀಳುತ್ತದೆ. ಬೇರು ಪಾಯವನ್ನು ತಿನ್ನುವುದಿಲ್ಲ, ಪಾಯದ ಕೆಳಗಿನ ನೀರನ್ನು ಕುಡಿಯುತ್ತದೆ. ಇಂಥ ಮಣ್ಣಿಗಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಉಬ್ಬಿರುವ ಪೈಲ್ ಅಡಿಪಾಯವನ್ನು ಬೆಳೆಸಿತು. ಅಂಥ ಅಡಿಪಾಯ ಹಾಕದ ಹಳೆಯ ಮನೆಯ ಹತ್ತಿರ ಅರಳಿ, ಆಲ, ಬಸರಿ, ರೇನ್‌ಟ್ರೀ ನೆಡುವುದು ನಿಜಕ್ಕೂ ತಪ್ಪು. ಅವು ಕೆರೆಯ ಏರಿಗೆ, ದೊಡ್ಡ ಮೈದಾನಕ್ಕೆ, ಬಸ್ ನಿಲ್ದಾಣಕ್ಕೆ ಸರಿ. ಅರಳಿಯನ್ನಂತೂ ನಾವು ನೆಡದಿದ್ದರೂ ಹಕ್ಕಿಗಳು ಪ್ಯಾರಾಪೆಟ್ ಗೋಡೆಯ ಸಂದಿಯಲ್ಲಿ ನೆಟ್ಟು ಹೋಗುತ್ತವೆ, ಅದನ್ನು ಎಳೆಯದಿರುವಾಗಲೇ ಕಿತ್ತುಬಿಡಬೇಕು.

ಹಾಗಾದರೆ ಯಾವುದು? ಇಲ್ಲಿ ಎಲೆ ಉದುರುವ ಕಾಲವನ್ನು ಗಮನಿಸಲೇಬೇಕು. ಶೀತ ದೇಶಗಳ ಮರಗಳು ಚಳಿಗೆ ಹೆದರಿ ಎಲೆ ಉದುರಿಸುತ್ತವೆ. ನಮ್ಮ ಒಣ ನಾಡಿನ ಮರಗಳು ನೀರಿಲ್ಲದ ಕಾಲಕ್ಕೆ ಹೆದರುತ್ತವೆ. ಹಾಗಾಗಿ ಎಷ್ಟೋ ಮರಗಳು ಬೇಸಿಗೆಯ ಬಾಗಿಲಲ್ಲೇ ಬೋಳಾಗಿ ನಿಲ್ಲುತ್ತವೆ. ಗುಲ್‌ಮೊಹರ್ ನೋಡಿ. ಮಡಗಾಸ್ಕರ್‌ನಿಂದ ಬಂದ ಈ ಮರ ಏಪ್ರಿಲ್, ಮೇನಲ್ಲಿ ಕೆಂಪಗೆ ಉರಿಯುವುದು ಕಣ್ಣಿಗೆ ಹಬ್ಬ, ಆದರೆ ನೆರಳು ಅತಿ ಹೆಚ್ಚು ಬೇಕಾದ ವಾರಗಳಲ್ಲಿ ಅದರ ಕೊಂಬೆಗಳಲ್ಲಿ ಎಲೆಯೇ ಕಡಿಮೆ. ಮುಂಗಾರಿಗೆ ಮೊದಲಿನ ಗಾಳಿಗೆ ಕೊಂಬೆ ಮುರಿಯುವುದು ಬೇರೆ. ಟಬೂಬಿಯಾ ಹೂಬಿಡುವುದೂ ಬೋಳು ಕೊಂಬೆಯಲ್ಲೇ. ಲಾಲ್‌ಬಾಗಿನ ಕ್ರುಂಬಿಗಲ್ ಅವರು ಬೆಂಗಳೂರಿನಲ್ಲಿ ವರ್ಷವಿಡೀ ಒಂದಾದ ಮೇಲೊಂದು ಹೂಬಿಡುವ ಮರಗಳ ಸಾಲು ಯೋಚಿಸಿದ್ದು ಅಲ್ಲಿಯ ತಂಪು ಹವೆಗೆ ಚೆನ್ನಾಗಿ ಒಪ್ಪಿತು. ಅದನ್ನು ನೋಡಿ ಬಿಸಿಲ ನಾಡಿನ ನಗರಸಭೆಗಳೂ ಹೂವಿನ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹೊಂಗೆ ಮತ್ತು ಬೇವು ಇದಕ್ಕೆ ವಿರುದ್ಧ. ಇವೂ ಎಲೆ ಉದುರಿಸುತ್ತವೆ, ಆದರೆ ಬೇಗ ಮುಗಿಸುತ್ತವೆ. ಯುಗಾದಿಯ ಹೊತ್ತಿಗೆ ಎಳೆ ಹಸಿರು ತುಂಬಿ, ಏಪ್ರಿಲ್‌ಗೆ ನೆರಳು ದಟ್ಟವಾಗಿರುತ್ತದೆ. ಹಳ್ಳಿಯ ಕಟ್ಟೆಗಳಲ್ಲಿ ಇವೇ ಯಾಕಿವೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ? ಹುಣಸೆಯ ನೆರಳೂ ಒಳ್ಳೆಯದು, ದೆವ್ವದ ಭಯ ಇಲ್ಲದವರು ಅಂಗಳ ದೊಡ್ಡದಿದ್ದರೆ ನೆಡಬಹುದು. ಆದರೆ ಇವೆಲ್ಲ ಶಾಲೆಯ ಆವರಣಕ್ಕೆ, ಆಸ್ಪತ್ರೆಗೆ, ಹಾಸ್ಟೆಲ್ಲಿಗೆ. 30–40ರ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಕಟ್ಟಿ ಮೂರು ಅಡಿ ಬಿಟ್ಟವರಿಗೆ ಗಸಗಸೆ ಹಣ್ಣಿನ ಮರ, ಪೇರಲ, ಕರಿಬೇವು, ಸೀತಾಫಲ ಇವೆ. ಗಸಗಸೆ ಮರದ ಕೊಂಬೆಗಳು ಕೊಡೆಯ ಹಾಗೆ ಅಡ್ಡಡ್ಡ ಹರಡುತ್ತವೆ, ಎರಡು ಮೂರು ವರ್ಷಕ್ಕೆ ನೆರಳು ಬೀಳುತ್ತದೆ, ಗಿಳಿ, ಬುಲ್‌ಬುಲ್, ಮಕ್ಕಳು ಎಲ್ಲರೂ ಬರುತ್ತಾರೆ. ಕೊಂಬೆ ಮೆದು ಎಂಬುದೊಂದು ದೋಷ, ಆಗಾಗ ಸವರುತ್ತಿರಬೇಕು. ನುಗ್ಗೆ ಇನ್ನೂ ಬೇಗ ಬೆಳೆಯುತ್ತದೆ, ಆದರೆ ಅದರ ನೆರಳು ಜರಡಿ ಹಿಡಿದಂತೆ.

ಉದ್ದಕ್ಕೆ ಬೆಳೆಯುವ ಅಲಂಕಾರಿಕ ಅಶೋಕದ ಬಗ್ಗೆ ಪರಿಸರಪ್ರಿಯರು ಮೂಗು ಮುರಿಯುತ್ತಾರೆ. ಕಂಬದಂತೆ ನಿಲ್ಲುತ್ತದೆ, ಕೆಳಗೆ ಒಬ್ಬ ಮನುಷ್ಯ ಕೂರಲೂ ನೆರಳಿಲ್ಲ ಎಂದು. ಕೆಳಗೆ ಕೂರಲು ಇಲ್ಲ, ನಿಜ. ಆದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಪಶ್ಚಿಮದ ಗೋಡೆಗೆ ಬೇಕಾದದ್ದು ನೆಟ್ಟಗಿನ ಪರದೆ. ಇಕ್ಕಟ್ಟಿನ ಜಾಗದಲ್ಲಿ ಒತ್ತೊತ್ತಾಗಿ ನಿಂತ ಆರು ಅಶೋಕಗಳು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಅದನ್ನು ಗೇಟಿನ ಎರಡೂ ಬದಿ ಶೋಕಿಗೆ ನಿಲ್ಲಿಸುವುದು ಮಾತ್ರ ದಂಡ. ಬೇಗ ಹಸಿರಾಗುತ್ತದೆಂದು ಎಲ್ಲೆಡೆ ನೆಟ್ಟ ಕೋನೋಕಾರ್ಪಸ್ ವಿಷಯದಲ್ಲಿ ಮಾತ್ರ ನನಗೆ ಯಾವ ಕನಿಕರವೂ ಇಲ್ಲ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಇನ್ನು ಮಾಳಿಗೆ. ನಮ್ಮ ಅಜ್ಜಂದಿರ ಕಾಲದ ಮಣ್ಣಿನ ಮಾಳಿಗೆಯಲ್ಲಿ ದಪ್ಪನೆಯ ಮಣ್ಣೇ ಶಾಖಕ್ಕೆ ತಡೆ. ಈಗಿನ ಐದಾರು ಇಂಚಿನ ಕಾಂಕ್ರೀಟ್ ಚಾವಣಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹನ್ನೊಂದಕ್ಕೆ ನಮ್ಮ ತಲೆಯ ಮೇಲೆ ಸುರಿಯುತ್ತದೆ. ಕೊನೆಯ ಮಹಡಿಯಲ್ಲಿ ಬಾಡಿಗೆಗಿರುವ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ, ಪರೀಕ್ಷೆಯ ತಿಂಗಳಲ್ಲಿ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುವ ಕಥೆ ಹೇಳುತ್ತಾನೆ. ಹಾಗಾಗಿ ‘ಟೆರೇಸ್ ಗಾರ್ಡನ್’ ಮಾಡಿ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಸಿವಿಲ್ ವಿದ್ಯಾರ್ಥಿಯಾಗಿ ನಾನು ಇಲ್ಲಿ ಎಲ್ಲರ ಕೈ ಹಿಡಿದು ನಿಲ್ಲಿಸಬೇಕಾಗಿದೆ.

ಜನ ಓಡಾಡುವ ಸಮತಟ್ಟು ಚಾವಣಿಯನ್ನು ನಮ್ಮ ಭಾರತೀಯ ಮಾನಕ ಐಎಸ್ 875 ಪ್ರಕಾರ ವಿನ್ಯಾಸ ಮಾಡುವಾಗ ಚದರ ಮೀಟರಿಗೆ 1.5 ಕಿಲೋನ್ಯೂಟನ್ ಹೊರೆ ಹಿಡಿಯುತ್ತೇವೆ. ಸರಳವಾಗಿ ಹೇಳಿದರೆ ಸುಮಾರು 150 ಕಿಲೋ. ಮೆಟ್ಟಿಲಿಲ್ಲದ ಚಾವಣಿಗೆ ಅದರ ಅರ್ಧ. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ 1,800ರಿಂದ 2,000 ಕಿಲೋ ತೂಗುತ್ತದೆ. ಮಾಳಿಗೆಯ ಮೇಲೆ ಬರೇ ಹತ್ತು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳು ಅಗಲಕ್ಕಿಂತ ಸ್ವಲ್ಪ ಹೆಚ್ಚು ಮಣ್ಣು ಹರವಿ ನೀರು ಹಾಯಿಸಿದರೆ ಚದರ ಮೀಟರಿಗೆ 180ರಿಂದ 200 ಕಿಲೋ ಆಗಿಹೋಯಿತು. ವಿನ್ಯಾಸದ ಹೊರೆ ದಾಟಿತು, ಇನ್ನೂ ಒಬ್ಬ ಮನುಷ್ಯನೂ ಮೇಲೆ ಹತ್ತಿಲ್ಲ. ಅರ್ಧಕ್ಕೆ ಕತ್ತರಿಸಿದ 200 ಲೀಟರಿನ ಡ್ರಮ್ಮಿಗೆ ಮಣ್ಣು ತುಂಬಿದರೆ ಅದೊಂದೇ 180 ಕಿಲೋ ಮೇಲೆ. ಅಂಥ ಹತ್ತು ಡ್ರಮ್ಮುಗಳನ್ನು ಚಾವಣಿಯ ನಟ್ಟನಡುವೆ ಇಡುವುದಕ್ಕಿಂತ ಬೀಮ್‌ಗಳ ಮೇಲೆ, ಗೋಡೆಯ ಸಾಲಿನ ಮೇಲೆ ಇಡುವುದು ಮೇಲು. ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿದರೆ ತೂಕ ಇಳಿಯುತ್ತದೆ. ಮಿಲಾನ್ ನಗರದಲ್ಲಿ ಎರಡು ಗೋಪುರಗಳ ಬಾಲ್ಕನಿಗಳಲ್ಲಿ ನೂರಾರು ಮರ ಬೆಳೆಸಿದ ‘ಬಾಸ್ಕೋ ವರ್ಟಿಕಾಲೆ’ಯ ಚಿತ್ರ ನೋಡಿ ನಮ್ಮ ಜೂನಿಯರ್‌ಗಳು ಮೈಮರೆಯುತ್ತಾರೆ. ಆ ಮರಗಳ ತೂಕ, ಗಾಳಿಯ ಒತ್ತಡ ಎರಡನ್ನೂ ಮೊದಲೇ ಲೆಕ್ಕ ಹಾಕಿ ಆ ಕಟ್ಟಡ ಕಟ್ಟಿದ್ದು. ಕಟ್ಟಿ ಹದಿನೈದು ವರ್ಷವಾದ ಮನೆಯ ಮೇಲೆ ಅದನ್ನು ನಕಲು ಮಾಡಲಾಗದು.

ಮಣ್ಣಿನ ಭಾರವಿಲ್ಲದೆ ಮಾಳಿಗೆಗೆ ನೆರಳು ಬೇಕಾದರೆ ನಮ್ಮ ಹತ್ತಿರ ಹಳೆಯ ಉಪಾಯವೇ ಇದೆ: ಚಪ್ಪರ. ಬೇರು ನೆಲದಲ್ಲಿ, ಎಲೆ ಮಾಳಿಗೆಯ ಮೇಲೆ. ಕರಾವಳಿಯವರ ಬಸಳೆ ಚಪ್ಪರ, ವಿಜಯಪುರದವರ ದ್ರಾಕ್ಷಿ ಚಪ್ಪರ, ಮನೆ ಮುಂದಿನ ಮಲ್ಲಿಗೆ ಚಪ್ಪರ ಎಲ್ಲದರಲ್ಲೂ ಇದೇ ಲೆಕ್ಕ. ಪಶ್ಚಿಮದ ಗೋಡೆಯ ಬುಡದಲ್ಲಿ ಬಳ್ಳಿ ನೆಟ್ಟು, ಗೋಡೆಯಿಂದ ಅರ್ಧ ಅಡಿ ಬಿಟ್ಟು ತಂತಿ ಎಳೆದು ಮೇಲೆ ಹತ್ತಿಸಿದರೆ ದಾರಿಯಲ್ಲಿ ಗೋಡೆಗೂ ನೆರಳು, ಮೇಲೆ ಹೋಗಿ ಮಾಳಿಗೆಗೂ ನೆರಳು. ಅರ್ಧ ಅಡಿ ಬಿಡುವುದು ಮುಖ್ಯ, ಎಲೆ ಮತ್ತು ಗೋಡೆಯ ನಡುವೆ ಗಾಳಿ ಆಡುತ್ತದೆ, ತೇವ ನಿಲ್ಲುವುದಿಲ್ಲ. ಗೋಡೆಗೇ ಅಂಟಿಕೊಂಡು ಹತ್ತುವ ಬಳ್ಳಿಗಳು ಪ್ಲಾಸ್ಟರ್ ಕಿತ್ತುಕೊಂಡೇ ಬರುತ್ತವೆ.

ಚಪ್ಪರಕ್ಕೆ ಬಳ್ಳಿ ಆರಿಸುವಾಗಲೂ ಕ್ಯಾಲೆಂಡರ್ ನೋಡಬೇಕು. ಹೀರೆ, ಸೋರೆಯನ್ನು ಜನವರಿ ಕೊನೆಗೆ ಬಿತ್ತಿದರೆ ಏಪ್ರಿಲ್‌ಗೆ ಚಪ್ಪರ ತುಂಬುತ್ತದೆ, ಮಳೆ ಬರುವ ಹೊತ್ತಿಗೆ ಬಳ್ಳಿ ಮುಗಿದು ಬಿಸಿಲಿಗೆ ದಾರಿ ಬಿಡುತ್ತದೆ. ವರ್ಷವಿಡೀ ಬೇಕೆಂದರೆ ತೊಂಡೆ, ರಂಗೂನ್ ಬಳ್ಳಿ, ಮಲ್ಲಿಗೆ. ನೀರಿಗೆ ತೀರಾ ಕಷ್ಟವಿದ್ದವರಿಗೆ ಬೋಗನ್‌ವಿಲ್ಲಾ, ಮುಳ್ಳಿದ್ದರೂ ಬರ ತಾಳುತ್ತದೆ. ಚಪ್ಪರದ ಕಂಬಗಳನ್ನು ಮಾತ್ರ ಇಟ್ಟಿಗೆ ಪ್ಯಾರಾಪೆಟ್ಟಿಗೆ ಹಗ್ಗ ಕಟ್ಟಿ ಬಿಡಬೇಡಿ. ಮೇ ತಿಂಗಳ ಸಂಜೆಯ ಬಿರುಗಾಳಿ ಎಲೆ ತುಂಬಿದ ಚಪ್ಪರವನ್ನು ಹಾಯಿಯಂತೆ ಎತ್ತುತ್ತದೆ. ಕಂಬ ಕಾಲಂನ ನೇರಕ್ಕೆ, ಬೋಲ್ಟ್ ಹಾಕಿ ನಿಲ್ಲಬೇಕು.

ಇಷ್ಟೆಲ್ಲ ಯಾಕೆ, ತಗಡು ಹಾಕಿದರೆ ನೆರಳಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ತಗಡು ತಾನೇ ಕಾದು ಕೆಳಕ್ಕೆ ಶಾಖ ಸೂಸುತ್ತದೆ. ಎಲೆ ಹಾಗೆ ಕಾಯುವುದಿಲ್ಲ, ಅದು ನೀರನ್ನು ಆವಿ ಮಾಡುತ್ತಾ ತಣ್ಣಗಿರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್‌ನಷ್ಟು ಶಾಖ ಬೇಕು. ಬಳ್ಳಿಯೊಂದು ದಿನಕ್ಕೆ ಹತ್ತು ಲೀಟರ್ ಆವಿ ಮಾಡಿದರೆ ಅದು ಹೀರುವ ಶಾಖ ಒಂದು ಟನ್ನಿನ ಏಸಿ ಸುಮಾರು ಎರಡು ಗಂಟೆ ಓಡಿ ಹೊರದಬ್ಬುವ ಶಾಖಕ್ಕೆ ಸಮ. ಆ ತಂಪೆಲ್ಲ ಕೋಣೆಯೊಳಗೆ ಬರುವುದಿಲ್ಲ, ಬಹುಪಾಲು ಹೊರಗಿನ ಗಾಳಿಗೆ ಹೋಗುತ್ತದೆ. ಆದರೂ ಏಸಿ ತನ್ನ ಶಾಖವನ್ನು ಪಕ್ಕದ ಮನೆಯ ಕಿಟಕಿಗೆ ಊದುತ್ತದೆ, ಬಳ್ಳಿ ಊದುವುದಿಲ್ಲ. ಬರೇ ಮಾಳಿಗೆಯದ್ದೇ ತೊಂದರೆಯಾದರೆ, ಕೈಯಲ್ಲಿ ಸಾವಿರ ರೂಪಾಯಿ ಚಿಲ್ಲರೆ ಇದ್ದರೆ, ಮೊದಲು ಸುಣ್ಣ ಬಳಿಯಿರಿ, ಇದನ್ನು ಒಪ್ಪಲು ನನಗೆ ಸಂಕೋಚವಿಲ್ಲ. ಬಿಳಿ ಮಾಳಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ನೀರೂ ಕೇಳುವುದಿಲ್ಲ. ಪಶ್ಚಿಮದ ಕಿಟಕಿಗೆ ಮಾತ್ರ ಸುಣ್ಣ ಬಳಿಯಲಾಗದು.

ನೀರಿನ ಮಾತು ಬಂದಿತು. ಎರಡು ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಗಳಲ್ಲಿ ಬಳ್ಳಿಗೆ ನೀರು ಹಾಕಿ ಎನ್ನಲು ನಾಲಿಗೆ ತಡೆಯುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು, ಸ್ನಾನದ ನೀರು, ಏಸಿ ಇದ್ದವರ ಮನೆಯ ಪೈಪಿನಿಂದ ತೊಟ್ಟಿಕ್ಕುವ ನೀರು ಇಷ್ಟು ಒಂದೆರಡು ಬಳ್ಳಿಗೆ ಸಾಕು. ಫಿಲ್ಟರ್ ಹೊರಬಿಡುವ ನೀರಿನಲ್ಲಿ ಉಪ್ಪು ಹೆಚ್ಚು, ಅದನ್ನೊಂದನ್ನೇ ದಿನವೂ ಹಾಕಬಾರದು. ಮಂಗಳೂರಿನವರಿಗೆ ನೀರಿನ ಚಿಂತೆ ಕಡಿಮೆ, ಆದರೆ ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಕಿಟಕಿಗೆ ದಟ್ಟ ಬಳ್ಳಿ ಹಬ್ಬಿಸಿ ಗಾಳಿ ಕಟ್ಟಿದರೆ ಸೆಕೆ ಹೆಚ್ಚೀತು. ಅಲ್ಲಿಗೆ ಎತ್ತರದಲ್ಲಿ ತೋಪು ಇರುವ, ಕೆಳಗೆ ಗಾಳಿ ಬಿಡುವ ಮರಗಳೇ ಸರಿ.

ಕೋಣೆಯೊಳಗೆ ಇಡುವ ಕುಂಡಗಳ ಬಗ್ಗೆ ಒಂದೇ ಮಾತು. ಅವು ನೋಡಲು ಚೆಂದ, ಇಡಿ. ಕೋಣೆಯ ಗಾಳಿ ಶುದ್ಧವಾಗುತ್ತದೆ ಎಂಬುದು 1989ರ ನಾಸಾ ಪ್ರಯೋಗದಿಂದ ಹಬ್ಬಿದ ನಂಬಿಕೆ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗ, ನಮ್ಮ ಕೋಣೆ ಮುಚ್ಚಿದ ಪೆಟ್ಟಿಗೆಯಲ್ಲ. ಒಳಗಿನ ಗಿಡ ನೆರಳೂ ಕೊಡುವುದಿಲ್ಲ: ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದು ಪ್ರಯೋಜನವಿಲ್ಲ. ಹಳೆಯ ತೊಟ್ಟಿಮನೆಯ ನಡುವಿನ ಅಂಗಳ ಬೇರೆ ಮಾತು, ಅಲ್ಲಿ ಮೇಲೆ ಆಕಾಶವಿತ್ತು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಮನೆಯ ಗೋಡೆ, ಕಿಟಕಿ, ಚಾವಣಿಯಿಂದ ಒಳಬರುವ ಶಾಖಕ್ಕೆ ಮಿತಿ ಸೂಚಿಸಿದೆ. ನಮ್ಮ ನಗರಗಳಲ್ಲಿ ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಸಂಪು ಎಲ್ಲಿ, ಮಳೆನೀರಿನ ಗುಂಡಿ ಎಲ್ಲಿ ಎಂದು ಕೇಳುವ ಹಾಗೆಯೇ ಪಶ್ಚಿಮಕ್ಕೆ ಮರ ಅಥವಾ ಬಳ್ಳಿ ಎಲ್ಲಿ ಎಂದೂ ಕೇಳಲಿ. ವಾಸ್ತು ಕೇಳುವವರಿಗೂ ಇದರಲ್ಲಿ ತಕರಾರಿಲ್ಲ, ಅವರ ಶಾಸ್ತ್ರವೂ ದೊಡ್ಡ ಮರ ಪಶ್ಚಿಮಕ್ಕೆ, ದಕ್ಷಿಣಕ್ಕೆ ಇರಲಿ ಎನ್ನುತ್ತದೆ. ಶಾಲೆ, ಅಂಗನವಾಡಿಗೆ ಸಸಿ ಕೊಡುವ ನರ್ಸರಿಗಳು ಇದ್ದದ್ದನ್ನು ಹಂಚುವ ಬದಲು ಮೊದಲು ಕಟ್ಟಡ ಯಾವ ಕಡೆ ಮುಖ ಮಾಡಿದೆ, ತಂತಿ ಎಲ್ಲಿದೆ ಎಂದು ಕೇಳಲಿ. ತಂತಿಯ ಕೆಳಗೆ ನೆಟ್ಟ ಹೊಂಗೆ ಹತ್ತಾಳು ಬೆಳೆದ ದಿನ ಅದರ ತಲೆ ಕತ್ತರಿಸಲಾಗುತ್ತದೆ, ಆ ದಿನಕ್ಕೆ ನೆಟ್ಟವರು ಯಾರೂ ಇರುವುದಿಲ್ಲ.

ನಮ್ಮಂಥ ಸಿವಿಲ್ ವಿದ್ಯಾರ್ಥಿಗಳಿಂದಲೂ ಒಂದು ಕೆಲಸ ಆಗಬಹುದು. ಸರ್ವೆ ಕ್ಯಾಂಪಿಗೆಂದು ವರ್ಷಕ್ಕೊಮ್ಮೆ ಹೊರಗೆ ಹೋಗುತ್ತೇವೆ, ಕೆರೆ ಅಳೆಯುತ್ತೇವೆ, ರಸ್ತೆ ಅಳೆಯುತ್ತೇವೆ. ಅದೇ ವಾರದಲ್ಲಿ ಒಂದು ಸರ್ಕಾರಿ ಶಾಲೆಯ ಪಶ್ಚಿಮದ ಗೋಡೆ ಅಳೆದು, ಮಣ್ಣು ಎರೆಯೋ ಮಸಾರಿಯೋ ನೋಡಿ, ಸಂಜೆ ನಾಲ್ಕರ ನೆರಳಿನ ರೇಖೆ ಎಳೆದು, ಎಷ್ಟು ದೂರಕ್ಕೆ ಯಾವ ಗಿಡ ಎಂದು ಒಂದು ಹಾಳೆಯಲ್ಲಿ ಬರೆದು ಹೆಡ್‌ಮಾಸ್ಟರ್ ಕೈಗೆ ಕೊಡುವುದು ಅರ್ಧ ದಿನದ ಕೆಲಸ. ಮಳೆ ಬಿದ್ದ ಮೇಲೆ ಗುಂಡಿ ತೋಡುವವರಿಗೆ ಆ ಹಾಳೆ ಬೇಕಾಗುತ್ತದೆ, ಆದ್ದರಿಂದ ಅದು ಮೇ ಮುಗಿಯುವುದರೊಳಗೆ ತಯಾರಿರಬೇಕು.